ಹೊಚ್ಚಹೊಸ ಮನೆ ಕೊಳ್ಳುತ್ತಿದ್ದೇವೆ, ಏನೆಲ್ಲ ಎದುರಾಗಬಹುದು?

ಮುಂದಿನ ತಿಂಗಳು ಕೀಲಿ ಕೈಗೆ ಬರುತ್ತದೆ, ಮನೆ ಹೊಸದು, ಆದರೂ ತೊಂದರೆ ಇರಬಹುದಾ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ನಾವು ಹೀಗೇ ಒಂದು ಹೊಸ ಮನೆಗೆ ಬಂದು ಆರು ವರ್ಷವಾಯಿತು. ಮೊದಲ ವರ್ಷ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ಗೊತ್ತಿಲ್ಲದೆ ಎಷ್ಟೋ ರಾತ್ರಿ ನಿದ್ದೆ ಕೆಟ್ಟಿದ್ದೆ. ನಿಮಗೆ ಹಾಗಾಗುವುದು ಬೇಡ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕೀಲಿ ಕೊಟ್ಟ ದಿನಕ್ಕೆ ಮನೆ ಇನ್ನೂ ಹಸಿಯಾಗಿಯೇ ಇರುತ್ತದೆ. ಇದೊಂದು ಅರ್ಥವಾದರೆ ಅರ್ಧ ಚಿಂತೆ ಹೋಗುತ್ತದೆ. ಸಿಮೆಂಟಿನ ಜೊತೆ ಸೇರಿ ಗಟ್ಟಿಯಾಗುವ ನೀರು ಅದರ ತೂಕದ ಸುಮಾರು ಕಾಲು ಭಾಗ ಮಾತ್ರ. ಆದರೆ ಕಲಸಲು ಸುಲಭವಾಗಲಿ ಅಂತ ಹಾಕುವುದು ಹೆಚ್ಚುಕಡಿಮೆ ಅರ್ಧ ಭಾಗ. ಮಿಕ್ಕ ನೀರಿನಲ್ಲಿ ಬಹುಪಾಲು ನಿಧಾನಕ್ಕೆ ಆವಿಯಾಗಿ ಹೊರಗೆ ಹೋಗಬೇಕು. 28 ದಿನಕ್ಕೆ ಕಾಂಕ್ರೀಟಿಗೆ ಬೇಕಾದ ಬಲ ಬಹುಮಟ್ಟಿಗೆ ಬಂದಿರುತ್ತದೆ, ನಿಜ. ಒಣಗುವ ಲೆಕ್ಕ ಬೇರೆ. ನೆಲಕ್ಕೆ ಹಾಸಿದ ಕಾಂಕ್ರೀಟ್ ಪದರ ಒಳ್ಳೆ ಗಾಳಿ ಇದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಒಣಗುತ್ತದೆ ಅಂತ ಕೆಲಸದವರ ಅಂದಾಜು. ದಪ್ಪ ಜಾಸ್ತಿ ಆದಷ್ಟೂ ಇನ್ನೂ ನಿಧಾನ. ಇಡೀ ಮನೆ ಪೂರ್ತಿ ಒಣಗಲು ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಹಾಗಾಗಿ ಮೊದಲ ವರ್ಷ ಕಿಟಕಿ ಬಾಗಿಲು ತೆರೆದಿಡಿ. ಬೀರು, ಮಂಚಗಳನ್ನು ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡಿಯುತ್ತದೆ. ವಾಲ್‌ಪೇಪರ್ ಆಸೆ ಇದ್ದರೆ ಸದ್ಯಕ್ಕೆ ತಡೆಯಿರಿ. ಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಒಳಗಿನ ನೀರು ಹೊರಗೆ ಬರುವಾಗ ಉಪ್ಪಿನಂಶವನ್ನೂ ಹೊತ್ತು ತಂದಿರುತ್ತದೆ, ಒಣ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬಂದರೆ ಮಾತ್ರ ಅಲ್ಲೆಲ್ಲೋ ನೀರು ಒಸರುತ್ತಿದೆ ಅಂತ ಅರ್ಥ. ಹೊಸ ಪೇಂಟು, ಅಂಟು, ಪ್ಲೈವುಡ್ಡಿನ ವಾಸನೆಗೂ ಗಾಳಿಯೇ ಮದ್ದು. ಪುಟ್ಟ ಮಕ್ಕಳೋ ಉಬ್ಬಸದ ತೊಂದರೆ ಇರುವವರೋ ಇದ್ದರೆ ಬಣ್ಣ ಹಚ್ಚಿ ಮುಗಿದ ಮೇಲೆ ಕೆಲವು ವಾರ ಬಿಟ್ಟು ಒಕ್ಕಲು ಹೋಗುವುದು ಒಳ್ಳೆಯದು.

ಇನ್ನು ಬಿರುಕು. ಇದು ಬಂದೇ ಬರುತ್ತದೆ. ಮನೆಗೆ ಬಂದ ನಾಲ್ಕನೇ ತಿಂಗಳಲ್ಲಿ ಮಲಗುವ ಕೋಣೆಯ ಬಾಗಿಲ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಕಾಣಿಸಿತು. ಕೂದಲೆಳೆಯಷ್ಟು ಸಣ್ಣದು. ನನಗೆ ಮಾತ್ರ ಗೋಡೆಯೇ ಬಿದ್ದುಹೋಗುತ್ತದೆ ಅನ್ನಿಸಿತ್ತು. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿದರು. ಏನೂ ಮಾತಾಡದೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದರು, ಪಕ್ಕದಲ್ಲಿ ತಾರೀಕು ಬರೆದರು. "ಮೂರು ತಿಂಗಳು ಬಿಟ್ಟು ನೋಡಿ ಸಾರ್. ಗೆರೆ ದಾಟಿದ್ರೆ ನನಗೆ ಫೋನ್ ಮಾಡಿ" ಅಂದರು. ದಾಟಲಿಲ್ಲ. ವರ್ಷ ತುಂಬಿದ ಮೇಲೆ ಪುಟ್ಟಿ ತುಂಬಿಸಿ ಬಣ್ಣ ಹಚ್ಚಿಸಿದೆವು, ಇವತ್ತಿಗೂ ಅಲ್ಲಿ ಏನೂ ಇಲ್ಲ. ಕಾಯದೆ ಆಗಲೇ ತೇಪೆ ಹಾಕಿಸಿದ್ದ ಪಕ್ಕದ ಕೋಣೆಯ ಬಿರುಕು ಮಾತ್ರ ಎರಡು ಸಲ ಬಾಯಿಬಿಟ್ಟಿತು.

1 ಮಿಲಿಮೀಟರ್ ಒಳಗಿನ ಬಿರುಕು ಸಾಮಾನ್ಯವಾಗಿ ಪ್ಲಾಸ್ಟರ್ ಒಣಗಿ ಕುಗ್ಗಿದ್ದರಿಂದ ಬಂದದ್ದು. 5 ಮಿಲಿಮೀಟರ್ ದಾಟಿದ್ದು, ದಿನೇ ದಿನೇ ಬೆಳೆಯುತ್ತಿರುವುದು, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದು, ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಸಣ್ಣಗಾಗುವುದು, ಇಂಥವನ್ನು ಮಾತ್ರ ಸುಮ್ನೆ ಬಿಡಬೇಡಿ. ಕಟ್ಟಿಸಿದವರಿಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರ ಶುಲ್ಕ ಕೊಡಲು ಹಿಂದೆಮುಂದೆ ನೋಡಬೇಡಿ.

ಮನೆ ಒಪ್ಪಿಕೊಳ್ಳುವ ಮೊದಲು ಒಂದು ಪೂರ್ತಿ ಬೆಳಗ್ಗೆ ಅಲ್ಲೇ ಕಳೆಯಿರಿ. ಹಗಲು ಬೆಳಕಿನಲ್ಲೇ ಹೋಗಿ. ಕೈಯಲ್ಲಿ ಒಂದು ಬಕೆಟ್, ಒಂದು ನಾಣ್ಯ, ಫೋನ್ ಚಾರ್ಜರ್, ಅಳತೆ ಟೇಪು ಇರಲಿ. ನಾಣ್ಯದಿಂದ ಟೈಲ್ಸ್ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ. ಚಾರ್ಜರನ್ನು ಒಂದೊಂದು ಪ್ಲಗ್ ಪಾಯಿಂಟಿಗೂ ಹಾಕಿ ನೋಡಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಶಾಕ್ ಹೊಡೆದಾಗ ಅದು ನಿಮ್ಮನ್ನು ಕಾಯುವುದಿಲ್ಲ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೀರಿನ ಒತ್ತಡ ನೋಡಿ. ಬಾಗಿಲು, ಕಿಟಕಿ ಒಂದೊಂದನ್ನೂ ತೆಗೆದು ಹಾಕಿ ನೋಡಿ.

ಎಲ್ಲಕ್ಕಿಂತ ಮುಖ್ಯ ಬಚ್ಚಲು. ನಮ್ಮಲ್ಲಿ ನೋಡುವುದಕ್ಕೆ ಎಲ್ಲ ಚೆನ್ನಾಗಿತ್ತು. ಹೆಂಡತಿ ಒಂದು ಬಕೆಟ್ ನೀರು ಸುರಿದಳು. ನೀರು ಜಾಲರಿ ಕಡೆ ಹೋಗುವ ಬದಲು ಬಾಗಿಲ ಕಡೆ ಬಂದು ನಮ್ಮ ಕಾಲ ಬುಡದಲ್ಲಿ ನಿಂತಿತು. ಇನ್ನೊಂದು ಬಚ್ಚಲಿನಲ್ಲಿ ಇಳಿಜಾರು ಸರಿ ಇತ್ತು, ನೀರು ಮಾತ್ರ ಇಳಿಯಲೇ ಇಲ್ಲ. ಜಾಲರಿ ಎತ್ತಿ ಕೈ ಹಾಕಿದರೆ ಗಟ್ಟಿಯಾದ ಸಿಮೆಂಟಿನ ಮುದ್ದೆ, ಒಂದು ಸಿಮೆಂಟ್ ಚೀಲದ ಚೂರು! ಟೈಲ್ಸ್ ಕೆಲಸದವರು ತೊಳೆದ ನೀರನ್ನೆಲ್ಲ ಅಲ್ಲಿಗೇ ಬಿಟ್ಟಿದ್ದರು. ಕೀಲಿ ತೆಗೆದುಕೊಳ್ಳುವ ಮೊದಲೇ ಸಿಕ್ಕಿದ್ದರಿಂದ ಎರಡನ್ನೂ ಬಿಲ್ಡರ್ ಖರ್ಚಿನಲ್ಲೇ ಸರಿಮಾಡಿಸಿದೆವು. ಸಾಧ್ಯವಾದರೆ ಜಾಲರಿಗೆ ಬಿರಡೆ ಹಾಕಿ, ಬಚ್ಚಲ ನೆಲದಲ್ಲಿ ಒಂದು ದಿನ ನೀರು ನಿಲ್ಲಿಸಿ, ಕೆಳಗಿನ ಚಾವಣಿ ಒದ್ದೆಯಾಗುತ್ತದಾ ನೋಡಲು ಹೇಳಿ. ವಾಟರ್‌ಪ್ರೂಫಿಂಗ್ ಸರಿ ಇದೆಯಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಕಂಡ ದೋಷವನ್ನೆಲ್ಲ ಕೋಣೆವಾರು ಬರೆದು, ಫೋಟೊ ಸಮೇತ ಈಮೇಲ್ ಮಾಡಿ. ಸೈಟಿನಲ್ಲಿ ಯಾರೋ "ಆಯ್ತು, ಮಾಡಿಸ್ತೀವಿ" ಅಂದರೆ ಅದನ್ನು ನಂಬಿ ಕೂರಬೇಡಿ. ಒಂದು ತಿಂಗಳಲ್ಲಿ ಆ ಮನುಷ್ಯನೇ ಅಲ್ಲಿರುವುದಿಲ್ಲ. ಪಟ್ಟಿ ಉದ್ದವಾಯಿತಲ್ಲಾ ಅಂತ ಸಂಕೋಚವೂ ಬೇಡ. ಐವತ್ತು ಅರವತ್ತು ಸಣ್ಣಪುಟ್ಟ ದೋಷ ಸಿಕ್ಕರೂ ಮನೆ ಕೆಟ್ಟದ್ದು ಅಂತ ಅಲ್ಲ. ಎಷ್ಟೊಂದು ಕೈ ಕೆಲಸ ಮಾಡಿರುತ್ತದೆ, ಅಲ್ವಾ?

ಕರಾರಿನಲ್ಲಿ ದೋಷ ಸರಿಪಡಿಸಿಕೊಡುವ ಅವಧಿ ಎಷ್ಟು, ಯಾವುದಕ್ಕೆಲ್ಲ ಅನ್ವಯ ಅಂತ ಈಗಲೇ ಓದಿಕೊಳ್ಳಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಮೈಗಾರೆ, ಬಣ್ಣ, ಫಿಟಿಂಗ್ಸ್‌ಗೆ ಒಂದು ಅವಧಿ, ಕಂಬ ತೊಲೆಗಳಿಗೆ ಇನ್ನೊಂದು ಇರಬಹುದು. ಅದು ಮುಗಿಯುವ ಒಂದು ತಿಂಗಳು ಮೊದಲು ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಆ ದಿನ ಇನ್ನೊಂದು ಸಲ ಮನೆಯೆಲ್ಲ ಸುತ್ತಿ ಎರಡನೇ ಪಟ್ಟಿ ಮಾಡಿ. ಮಳೆಯಲ್ಲಿ, ಬಿಸಿಲಿನಲ್ಲಿ ಹೊರಬೀಳುವ ದೋಷಗಳು ಆ ಪಟ್ಟಿಗೇ ಸಿಗುವುದು. ನಾವು ಇದನ್ನು ಹನ್ನೆರಡು ದಿನ ತಡವಾಗಿ ನೆನೆಸಿಕೊಂಡೆವು. ಎರಡು ಕಿಟಕಿಯ ಸೋರಿಕೆಯನ್ನು ಕೈಯಿಂದ ದುಡ್ಡು ಹಾಕಿ ಮಾಡಿಸಬೇಕಾಯಿತು. ಅದು ಈಗಲೂ ಬೇಜಾರು.

ಹೇಳಿದ ದಿನಕ್ಕೇ ಕೀಲಿ ಸಿಗುತ್ತದೆ ಅಂತ ಬಾಡಿಗೆ ಮನೆ ಬಿಡಬೇಡಿ. ಒಂದೆರಡು ತಿಂಗಳು ಆಚೀಚೆ ಆದರೂ ನಡೆಯುವ ಹಾಗೆ ಇಟ್ಟುಕೊಳ್ಳಿ. ಅಕ್ಕಪಕ್ಕದ ಮನೆಗಳ ಕೆಲಸ ಮುಗಿಯುವ ತನಕ ಡ್ರಿಲ್ಲಿಂಗ್ ಸದ್ದು, ಧೂಳು ಇದ್ದೇ ಇರುತ್ತದೆ.

ಕೊನೆಯದಾಗಿ, ಗೋಡೆಯೊಳಗೆ ವೈರು, ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ ಅಂತ ತೋರಿಸುವ ನಕ್ಷೆ ಕೇಳಿ ತೆಗೆದುಕೊಳ್ಳಿ. ಪ್ಲಾಸ್ಟರ್ ಮಾಡುವ ಮುಂಚಿನ ಫೋಟೊ ಇದ್ದರೆ ಅದನ್ನೂ ಕೇಳಿ. ನಾಳೆ ಕನ್ನಡಿ ಹಾಕಲು ಗೋಡೆಗೆ ಡ್ರಿಲ್ ಇಡುವಾಗ ಬೇಕಾಗುವುದು ಅದೇ. ನಿಮ್ಮ ಮನೆ ನೋಡಿದ ಮೇಲೆ ಯಾವುದಾದರೂ ಬಿರುಕಿನ ಬಗ್ಗೆ ಅನುಮಾನ ಬಂದರೆ ಎಷ್ಟು ಅಗಲ, ಎಷ್ಟು ಉದ್ದ, ಯಾವ ಮೂಲೆ ಅಂತ ಬರೆಯಿರಿ, ನನಗೆ ತಿಳಿದಷ್ಟು ಹೇಳುತ್ತೇನೆ.