ಬೆಳಿಗ್ಗೆ ಸರಿ, ಮಧ್ಯಾಹ್ನಕ್ಕೆ ಹೊಗೆ: ಸ್ಕ್ರಬ್ಬರ್ ಟ್ಯಾಂಕ್ ಕಾಯುವುದೇಕೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಕೆಮಿಕಲ್ ಘಟಕ. ರಿಯಾಕ್ಟರ್‌ನಿಂದ ಗಂಟೆಗೆ 10 ಕೆಜಿ ಎಚ್‌ಸಿಎಲ್ (ಹೈಡ್ರೋಜನ್ ಕ್ಲೋರೈಡ್) ಅನಿಲ ಬರುತ್ತದೆ. ಅನಿಲವನ್ನು ನೀರಿನಿಂದ ತೊಳೆಯುವ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಸ್ಕ್ರಬ್ಬರ್ ಟವರ್, ಟ್ಯಾಂಕ್‌ನಲ್ಲಿ 500 ಲೀಟರ್ ನೀರು, ಗಂಟೆಗೆ 3,000 ಲೀಟರ್ ಪಂಪ್. ಬೆಳಿಗ್ಗೆ ವಾಸನೆಯೇ ಇಲ್ಲ. ಎರಡು ಗಂಟೆ ಹೊತ್ತಿಗೆ ಟ್ಯಾಂಕ್ 58 ಡಿಗ್ರಿ ಮುಟ್ಟಿ ಬಿಳಿ ಹೊಗೆ. ಐಸ್ ಹಾಕಿದರೂ ಆಗುತ್ತಿಲ್ಲ. ಕಾಸ್ಟಿಕ್ (ಸೋಡಿಯಂ ಹೈಡ್ರಾಕ್ಸೈಡ್) ಹಾಕಲೇ?

ಉತ್ತರ: ಈ ಟ್ಯಾಂಕ್‌ಗೆ ಕಾಸ್ಟಿಕ್ ಬೇಡ. ಎಚ್‌ಸಿಎಲ್ ನೀರಿನಲ್ಲಿ ಕರಗಿದರೇ ಕೆಜಿಗೆ ಸುಮಾರು 2,000 ಕಿಲೋಜೌಲ್ ಶಾಖ. ಕಾಸ್ಟಿಕ್ ಹಾಕಿದರೆ ಅದರ ಮೇಲೆ ಇನ್ನೂ 1,500ರಷ್ಟು.

ನಿಮ್ಮ ಲೆಕ್ಕಕ್ಕೆ ಕಾಸ್ಟಿಕ್ ಇಲ್ಲದೆಯೇ ಇದು ಸುಮಾರು 5.6 ಕಿಲೋವ್ಯಾಟ್. ಟವರ್ ಒಳಗೆ ನೀರು ಒಂದು ಸುತ್ತಿಗೆ ಕಾಯುವುದು ಒಂದೂವರೆ ಡಿಗ್ರಿ ಮಾತ್ರ. ಆದರೆ ಅದೇ ನೀರು ಸುತ್ತುವುದರಿಂದ ಟ್ಯಾಂಕ್ ಗಂಟೆಗೆ ಹತ್ತು ಡಿಗ್ರಿಯಂತೆ ಏರುತ್ತದೆ, ಬಿಸಿಯಾದಷ್ಟೂ ನೀರು ಅನಿಲ ಹಿಡಿಯುವುದು ಕಡಿಮೆ. ಐಸ್‌ನಿಂದ ತಡೆಯಬೇಕೆಂದರೆ ಗಂಟೆಗೆ 40 ಕೆಜಿಗೂ ಹೆಚ್ಚು ಬೇಕು, ಕೊನೆಗೆ ಟ್ಯಾಂಕೇ ತುಂಬಿ ಹರಿಯುತ್ತದೆ! ಪಿವಿಸಿ ಪೈಪ್ ಇದ್ದರೆ 60 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ಅದನ್ನೂ ನೋಡಿ.

ಪಂಪ್‌ನ ಡೆಲಿವರಿ ಲೈನ್‌ನಲ್ಲಿ, ಟವರ್‌ಗೆ ಹೋಗುವ ಮುನ್ನ ಕೂಲರ್ ಕೂರಿಸಿ. ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, 316 ಆದರೂ ಈ ಆಸಿಡ್‌ಗೆ ತೂತು ಬೀಳುತ್ತದೆ. ಗ್ರಾಫೈಟ್ ಬ್ಲಾಕ್ ಆದರೆ ಒಂದು ಚದರ ಮೀಟರ್ ಸಾಕಾದೀತು. ಪ್ಲಾಸ್ಟಿಕ್ ಕಾಯಿಲ್ ಆದರೆ ಐದರ ಹತ್ತಿರ ಬೇಕು. ಬೆಂಗಳೂರಿನ ಹವೆಯಲ್ಲಿ ಕೂಲಿಂಗ್ ಟವರ್ ನೀರು ಬಹುಪಾಲು ದಿನ 25–26 ಡಿಗ್ರಿಗೆ ಸಿಗುವುದರಿಂದ ಚಿಲ್ಲರ್ ಬೇಕಿಲ್ಲ. ಗಂಟೆಗೆ 1,600 ಲೀಟರ್ ಬಿಟ್ಟರೆ ಟ್ಯಾಂಕ್ 35ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೋರ್‌ವೆಲ್ ನೀರಾದರೆ ಸಾಫ್ಟ್‌ನರ್ ಇಲ್ಲದೆ ಕೂಲರ್ ಒಳಗೆ ಸುಣ್ಣ ಕಟ್ಟಿ ಕೆಲವೇ ತಿಂಗಳಲ್ಲಿ ಶಾಖ ದಾಟುವುದೇ ನಿಧಾನವಾಗುತ್ತದೆ. ಹೊರಬರುವ ನೀರಿನ ಪಿಎಚ್ ದಿನಾ ನೋಡಿ. ಇಳಿದರೆ ಕೂಲರ್ ಸೋರುತ್ತಿದೆ ಎಂದರ್ಥ.

ಕೂಲರ್ ಒಂದೇ ಸಾಲದು. ಎಂಟು ಗಂಟೆಯಲ್ಲಿ ಆಸಿಡ್ ಶೇ 14ರ ಹತ್ತಿರ ಬರುತ್ತದೆ, ಗಟ್ಟಿಯಾದಷ್ಟೂ ಅನಿಲ ಹಿಡಿಯುವ ಶಕ್ತಿ ಕಡಿಮೆ. ಸ್ಯಾಂಪಲ್ 20 ಡಿಗ್ರಿಗೆ ತಣ್ಣಗಾಗಿಸಿ ಹೈಡ್ರೋಮೀಟರ್ (ಸಾಂದ್ರತೆ ಅಳೆಯುವ ತೇಲುಗೊಳವೆ) ಇಳಿಬಿಡಿ: 1.05 ಬಂದರೆ ಸುಮಾರು ಶೇ 10. ಆಗ ಅರ್ಧ ಆಸಿಡ್ ಕ್ಯಾನ್‌ಗೆ ತೆಗೆದು ಹೊಸ ನೀರು ತುಂಬಿ. ಬಿಳಿ ಹೊಗೆ ಎಂದರೆ ಆಸಿಡ್‌ನ ಸೂಕ್ಷ್ಮ ಹನಿ. ಅದು ಟವರ್ ಒಳಗೆ ತುಂಬಿದ ಪ್ಯಾಕಿಂಗ್‌ಗೆ ಸಿಗುವುದಿಲ್ಲ, ಟವರ್ ತುದಿಗೆ ಹನಿ ಹಿಡಿಯುವ ಡೆಮಿಸ್ಟರ್ ಬೇಕು.

ಇಷ್ಟಾದ ಮೇಲೂ ವಾಸನೆ ಉಳಿದರೆ ಚಿಕ್ಕ ಎರಡನೇ ಟವರ್ ಇಟ್ಟು ಅದಕ್ಕೆ ಕಾಸ್ಟಿಕ್ ಕೊಡಿ. ಫ್ಲೇಕ್ಸ್ ಕರಗುವಾಗಲೂ ಬಿಸಿಯೇರುತ್ತದೆ, ಹಿಂದಿನ ಸಂಜೆಯೇ ಕಲಸಿ ಆರಲು ಬಿಡಿ.