ಸಂಪಾದಕರ ಉತ್ತರ: ಕಾಂಪೌಂಡಿನ ಒಳಗಿನ ಹಸಿರು

ಮೇಷ್ಟ್ರೇ, ನಮಸ್ಕಾರ.

ಕಾರು ಕಂಪನಿಯಲ್ಲಿ ಕೆಲಸದಲ್ಲಿರುವ ನಿಮ್ಮ ಅಳಿಯಂದಿರು ಕಳಿಸಿಕೊಟ್ಟ ಸುಸ್ಥಿರತಾ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದ್ದೀರಿ. ಚಾವಣಿಯ ಮೇಲೆ ಸೌರಫಲಕ, ನೀರಿನ ಮರುಬಳಕೆ, ಆವರಣದ ತುಂಬ ಗಿಡ. ಇಷ್ಟೆಲ್ಲ ಮಾಡುವವರ ಪರಿಸರ ಕಾಳಜಿಯನ್ನು ಹೋದ ಸಂಚಿಕೆಯಲ್ಲಿ ನಾವು ‘ಬಣ್ಣದ ಮಾತು’ ಎಂದು ಕರೆದದ್ದು ಅನ್ಯಾಯ ಎಂಬುದು ನಿಮ್ಮ ತಕರಾರು. ‘ಒಳ್ಳೆಯದು ಮಾಡಿದವರಿಗೂ ಕಲ್ಲು ಹೊಡೆಯುತ್ತೀರಾ?’ ಎಂದೂ ಕೇಳಿದ್ದೀರಿ.

ಫಲಕಗಳು ಸುಳ್ಳೆಂದು ನಾವು ಹೇಳಿಲ್ಲ. ಕಾರು ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿ ನುಂಗುವುದು ಕಾರಿನ ಮೈಗೆ ಬಣ್ಣ ಬಳಿಯುವ ಪೇಂಟ್ ಶಾಪ್. ಅಲ್ಲಿ ಉಳಿಸಿದ್ದೆಲ್ಲ ನಿಜವಾದ ಉಳಿತಾಯವೇ. ಆದರೆ ಆ ವರದಿಯ ಬಹುಪಾಲು ಕಾಂಪೌಂಡಿನ ಒಳಗಿನ ಕಥೆ. ಪೆಟ್ರೋಲ್, ಡೀಸೆಲ್ ಕಾರೊಂದು ತನ್ನ ಆಯಸ್ಸಿನಲ್ಲಿ ಉಗುಳುವ ಇಂಗಾಲದ ಸುಮಾರು ಮುಕ್ಕಾಲು ಪಾಲು ಹೊರಬೀಳುವುದು ಅದು ಗೇಟು ದಾಟಿ ರಸ್ತೆಗಿಳಿದ ಮೇಲೆ.

ಜರ್ಮನಿಯ ಕಾರು ಕಂಪನಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಹಗರಣ ಹಳೆಯದಾಯಿತು ಎನ್ನಬೇಡಿ. ಅದರಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಅಮೆರಿಕದ ಟೆನೆಸ್ಸಿ ರಾಜ್ಯದ ಚಾಟನೂಗದಲ್ಲಿರುವ ಆ ಕಂಪನಿಯ ಕಾರ್ಖಾನೆಗೆ 2011ರಲ್ಲಿ ಲೀಡ್ ಪ್ಲಾಟಿನಂ ಪ್ರಮಾಣಪತ್ರ ಸಿಕ್ಕಿತು. ಹಸಿರು ಕಟ್ಟಡಗಳಿಗೆ ಕೊಡುವ ಅತ್ಯುನ್ನತ ದರ್ಜೆ ಅದು. ಕಾರು ಕಾರ್ಖಾನೆಯೊಂದಕ್ಕೆ ಸಿಕ್ಕಿದ್ದು ಜಗತ್ತಿನಲ್ಲೇ ಮೊದಲು. ಪೇಂಟ್ ಶಾಪಿನಲ್ಲಿ ಗಾಳಿಗೆ ಹಾರುವ ಬಣ್ಣವನ್ನು ಹಿಡಿಯಲು ನೀರಿನ ಬದಲು ಸುಣ್ಣದ ಕಲ್ಲಿನ ಪುಡಿ ಬಳಸುತ್ತಿದ್ದರು. 2013ರಲ್ಲಿ ಪಕ್ಕದಲ್ಲೇ 9.5 ಮೆಗಾವ್ಯಾಟ್‌ನ ಸೌರ ಸ್ಥಾವರವೂ ಬಂತು. ಯಾವುದೂ ನಾಟಕವಲ್ಲ.

ಅದೇ ಕಾರ್ಖಾನೆಯಿಂದ ಹೊರಬಂದದ್ದು ಪಸಾಟ್ ಎಂಬ ಡೀಸೆಲ್ ಕಾರು. ಪ್ರಯೋಗಾಲಯದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರಲ್ಲ, ಆಗ ಚಕ್ರ ತಿರುಗುತ್ತದೆ, ಸ್ಟಿಯರಿಂಗ್ ಮಾತ್ರ ಅಲ್ಲಾಡುವುದಿಲ್ಲ. ಎಂಜಿನ್ನಿನ ಸಾಫ್ಟ್‌ವೇರ್ ಸ್ಟಿಯರಿಂಗ್, ವೇಗ, ಓಡಿದ ಹೊತ್ತು, ಗಾಳಿಯ ಒತ್ತಡ ಇವನ್ನೆಲ್ಲ ನೋಡಿ ‘ಇದು ಪರೀಕ್ಷೆ’ ಎಂದು ಕಂಡುಹಿಡಿದು ಹೊಗೆಯನ್ನು ಶುದ್ಧಗೊಳಿಸುತ್ತಿತ್ತು. ರಸ್ತೆಗೆ ಬಂದರೆ ಹಳೇ ಚಾಳಿ. ಇನ್‌ಸ್ಪೆಕ್ಟರು ಶಾಲೆಗೆ ಬಂದ ದಿನ ಮಾತ್ರ ಕೈಕಟ್ಟಿ ಕೂರುವ ಹುಡುಗರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ.

ಇದನ್ನು ಬಯಲಿಗೆಳೆದದ್ದು ಯಾವ ವರದಿಯೂ ಅಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಹೊಗೆ ಅಳೆಯುವ ಯಂತ್ರವನ್ನು ಕಾರಿನ ಡಿಕ್ಕಿಯಲ್ಲೇ ಇಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿತು. ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಇದೇ ಕಂಪನಿಯ ಜೆಟ್ಟಾ ಕಾರು ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲಗಳನ್ನು ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ಉಗುಳುತ್ತಿದ್ದವು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಟಿಸ್ ಕೊಟ್ಟಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇದೆಯೆಂದು ಕಂಪನಿ ಒಪ್ಪಿಕೊಂಡಿತು.

ಇನ್ನೂ ತಮಾಷೆಯೆಂದರೆ, ಅದೇ ತಿಂಗಳ ಎರಡನೇ ವಾರವಷ್ಟೇ ಕಂಪನಿಗಳ ಪರಿಸರ, ಸಾಮಾಜಿಕ ನಡವಳಿಕೆಗೆ ಅಂಕ ಕೊಡುವ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಇದೇ ಕಂಪನಿಯನ್ನು ವಾಹನ ಉದ್ಯಮದಲ್ಲೇ ಅಗ್ರಸ್ಥಾನದಲ್ಲಿ ಕೂರಿಸಿತ್ತು. ಅಕ್ಟೋಬರಿನಲ್ಲಿ ಪಟ್ಟಿಯಿಂದಲೇ ತೆಗೆದುಹಾಕಿದರು. ಅಂಕ ಕೊಟ್ಟವರು ನೋಡಿದ್ದು ಕಡತ, ಕಾರಿನ ಹೊಗೆ ಕೊಳವೆಯನ್ನಲ್ಲ.

ನಮ್ಮಲ್ಲೂ ಕಾರುಗಳನ್ನು ರಸ್ತೆಯ ಮೇಲೆಯೇ ಅಳೆದು ಮಿತಿಯೊಳಗಿವೆ ಎಂದು ತೋರಿಸುವುದು ಕಡ್ಡಾಯವಾದದ್ದು 2023ರ ಏಪ್ರಿಲ್‌ನಿಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಎರಡನೇ ಹಂತದಲ್ಲಿ. ವರದಿಗಳ ವಿಷಯಕ್ಕೆ ಬಂದರೆ, ಷೇರುಪೇಟೆ ಮೌಲ್ಯದಲ್ಲಿ ಮೊದಲ ಸಾವಿರ ಕಂಪನಿಗಳು ಸುಸ್ಥಿರತಾ ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ನಿಯಮ ಮಾಡಿದೆ. ಇಂಗಾಲದ ಲೆಕ್ಕಕ್ಕೆ ಮೂರು ಭಾಗ: ಕಾರ್ಖಾನೆಯ ಸ್ವಂತ ಹೊಗೆ ಸ್ಕೋಪ್ 1, ಕೊಂಡ ವಿದ್ಯುತ್ತಿನದು ಸ್ಕೋಪ್ 2, ಇವೆರಡೂ ಕಡ್ಡಾಯ. ಮಾರಿದ ಕಾರು ರಸ್ತೆಯಲ್ಲಿ ಉಗುಳುವುದು, ಉಕ್ಕು, ಬ್ಯಾಟರಿ ಪೂರೈಸುವವರ ಪಾಲು ಇವೆಲ್ಲ ಸ್ಕೋಪ್ 3. ಆ ನಮೂನೆಯಲ್ಲಿ ಸ್ಕೋಪ್ 3ನ್ನು ಇಟ್ಟಿರುವುದು ಐಚ್ಛಿಕ ಭಾಗದಲ್ಲಿ! ಎಲೆಕ್ಟ್ರಿಕ್ ಕಾರು ಬಂದರೆ ಸ್ಕೋಪ್ 3ರಲ್ಲಿ ಪೂರೈಸುವವರ ಪಾಲು ಇನ್ನೂ ಹೆಚ್ಚು, ಏಕೆಂದರೆ ಬ್ಯಾಟರಿ ತಯಾರಾಗುವುದು ಬಹುಪಾಲು ಬೇರೆಯವರ ಕಾಂಪೌಂಡಿನಲ್ಲಿ.

ಹಾಗಾಗಿ ಗಿಡಗಳ ಫೋಟೋ ಇರುವ ಪುಟ ಬಿಡಿ. ಅಳಿಯಂದಿರು ಮುಂದಿನ ಸಲ ಊರಿಗೆ ಬಂದಾಗ ಸ್ಕೋಪ್ 3ರ ಸಾಲಿನಲ್ಲಿ ಏನು ಬರೆದಿದೆ, ಆ ಲೆಕ್ಕವನ್ನು ಹೊರಗಿನವರು ಯಾರಾದರೂ ತಾಳೆ ನೋಡಿದ್ದಾರೆಯೇ ಎಂದು ವಿಚಾರಿಸಿ. ಅಂಕಿ ಸಿಕ್ಕರೆ ಕಳಿಸಿಕೊಡಿ, ನಿಮ್ಮ ಪತ್ರದ ಜೊತೆಗೇ ಅಚ್ಚು ಹಾಕುತ್ತೇವೆ.

—ಸಂ.