ಟರ್ಕಿಯ ಲಿಸಿಯಾ ಕರಾವಳಿಯಲ್ಲಿ ತಪ್ಪಿಸಿಕೊಳ್ಳಬಾರದ ಜಾಗಗಳು ಯಾವುವು?

ಫೇತಿಯೆಯಿಂದ ಅಂತಾಲ್ಯದ ಕಡೆಗೆ ಹಬ್ಬಿರುವ ಈ ಮೆಡಿಟರೇನಿಯನ್ ದಂಡೆಯಲ್ಲಿ ನನ್ನ ಮೊದಲ ಆಯ್ಕೆ ದೆಮ್ರೆ ಪಟ್ಟಣದ ಪಕ್ಕದ ಪ್ರಾಚೀನ ನಗರ ಮೈರಾ. ಕಡಿದಾದ ಬಂಡೆಗೇ ಗೋರಿಗಳನ್ನು ಕೊರೆದಿದ್ದಾರೆ. ಹತ್ತಿರ ಹೋಗಿ ನೋಡಿ, ತೊಲೆಯ ತುದಿಗಳನ್ನೂ ಬಿಡದೆ ಮರದ ಮನೆಯ ಮುಂಭಾಗವನ್ನೇ ಕಲ್ಲಲ್ಲಿ ಕಡೆದಂತಿದೆ. ಸಾಂತಾಕ್ಲಾಸ್ ಕಥೆಗೆ ಮೂಲವಾದ ಸಂತ ನಿಕೋಲಸ್ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದದ್ದು ಇಲ್ಲೇ (ಹಿಮಸಾರಂಗ ಹುಡುಕಬೇಡಿ!).

ಅಲ್ಲಿಂದ ಉಚಾಗಿಜ್‌ಗೆ ಹೋಗಿ ದೋಣಿ ಹಿಡಿದರೆ ಕೆಕೋವಾ ದ್ವೀಪ. ಭೂಕಂಪಕ್ಕೆ ಮುಳುಗಿದ ಊರಿನ ಮೆಟ್ಟಿಲುಗಳು ನೀರಿಗಿಳಿಯುವುದು ಕಾಣುತ್ತದೆ. ಪತಾರಾದಲ್ಲಿ ಪ್ರಾಚೀನ ಲಿಸಿಯಾದ ನಗರಗಳ ಒಕ್ಕೂಟದ ಸಭಾಭವನ, ಉದ್ದನೆಯ ಮರಳದಂಡೆ ಎರಡೂ ಇವೆ.

ಚಿರಾಲಿ ಮೇಲಿನ ಯಾನರ್ತಾಶ್ ಗುಡ್ಡಕ್ಕೆ ಮಾತ್ರ ಸಂಜೆಯೇ ಹತ್ತಿ, ಟಾರ್ಚ್ ಮರೆಯಬೇಡಿ. ಬಂಡೆಯ ಬಿರುಕುಗಳಿಂದ ಹೊರಬರುವ ಮೀಥೇನ್ ಅನಿಲ ಸಾವಿರಾರು ವರ್ಷಗಳಿಂದ ಉರಿಯುತ್ತಿದೆ. ಹಗಲಲ್ಲಿ ಆ ಜ್ವಾಲೆ ಸಪ್ಪೆ.